ಬಿಟ್ಟಿ ಕ್ಯಾಬಿನ್‌ಗೆ ಮೂರು ದಾರಿ: ಯಾವುದರಲ್ಲಿ ಕೈ ಕಡಿಮೆ ಸುಡುತ್ತದೆ?

ಹಡಗಿನ ಕ್ಯಾಸಿನೋದಲ್ಲಿ ಆಡಿ, ಮುಂದಿನ ಕ್ರೂಸ್ ಬಿಟ್ಟಿ ಗಿಟ್ಟಿಸಿಕೊಂಡೆ ಅನ್ನುವವರು ಬೇಕಾದಷ್ಟು ಜನ ಸಿಗುತ್ತಾರೆ. ಆ ಬಿಟ್ಟಿಗೆ ಎಷ್ಟು ಖರ್ಚಾಯಿತು ಅಂತ ಕೇಳಿ, ಮಾತು ಬದಲಾಗುತ್ತದೆ. ನಾನು ಮತ್ತು ನನ್ನ ಹೆಂಡತಿ ಮೂರು ದಾರಿ ಹಿಡಿದು ನೋಡಿದೆವು. ಮೂರರಲ್ಲೂ ಲೆಕ್ಕ ಬರೆದಿಟ್ಟೆ. ಹಾಗಾಗಿ ಸುಮ್ನೆ ಬಾಯಿಮಾತಲ್ಲ.

ಮೊದಲು ರಾಯಲ್ ಕೆರಿಬಿಯನ್ ಅನ್ನುವ ಕ್ರೂಸ್ ಕಂಪನಿಯ ಕ್ಲಬ್ ರಾಯಲ್, ಅಂದರೆ ಹಡಗಿನ ಕ್ಯಾಸಿನೋದಲ್ಲಿ ಆಡಿದವರಿಗೆ ಪಾಯಿಂಟ್ ಕೊಡುವ ಯೋಜನೆ. ಇದರಲ್ಲಿ ನಾಲ್ಕು ಮೆಟ್ಟಿಲು: ಚಾಯ್ಸ್, ಪ್ರೈಮ್, ಸಿಗ್ನೇಚರ್, ಮಾಸ್ಟರ್ಸ್. ಪ್ರೈಮ್‌ಗೆ 2,500 ಪಾಯಿಂಟ್, ಸಿಗ್ನೇಚರ್‌ಗೆ 25,000. ನಮ್ಮಂಥವರು ಪ್ರೈಮ್ ಮುಟ್ಟಿದರೆ ದೊಡ್ಡದು. ಏಪ್ರಿಲ್ 1ರಿಂದ ಮಾರ್ಚ್ 31ರೊಳಗೆ ಕೂಡಿಸಬೇಕು, ಆಮೇಲೆ ಮತ್ತೆ ಸೊನ್ನೆಯಿಂದ ಶುರು. ಪ್ರೈಮ್ ಆದರೆ ವರ್ಷಕ್ಕೊಮ್ಮೆ ಕಿಟಕಿಯಿಲ್ಲದ ಒಳಗಿನ ಕ್ಯಾಬಿನ್ ಬಿಟ್ಟಿ. ಕ್ಯಾಸಿನೋ ಒಳಗೆ ಡ್ರಿಂಕ್ಸ್‌ಗೂ ದುಡ್ಡಿಲ್ಲ.

ಈಗ ಲೆಕ್ಕ. ಸ್ಲಾಟ್ ಯಂತ್ರಕ್ಕೆ 5 ಡಾಲರ್ ಹಾಕಿದರೆ ಒಂದು ಪಾಯಿಂಟ್. 2,500 ಪಾಯಿಂಟ್‌ಗೆ 12,500 ಡಾಲರ್! ಗಾಬರಿ ಬೇಡ, ಅಷ್ಟೂ ಜೇಬಿನಿಂದ ಹೋಗುವುದಿಲ್ಲ. ಗೆದ್ದದ್ದನ್ನೇ ತಿರುಗಿ ಹಾಕಿದರೂ ಪಾಯಿಂಟ್ ಬೀಳುತ್ತದೆ. ಯಂತ್ರ ನೂರಕ್ಕೆ ಎಂಟು ಇಟ್ಟುಕೊಳ್ಳುತ್ತದೆ ಅಂತ ಹಿಡಿಯಿರಿ. ಆಗ ಕಳೆದುಕೊಳ್ಳುವುದು ಸುಮಾರು 1,000 ಡಾಲರ್. ಹೆಚ್ಚೂ ಆಗಬಹುದು, ಕಡಿಮೆಯೂ ಆಗಬಹುದು. ಯಂತ್ರದ ಮೈಮೇಲೆ ಅದನ್ನು ಬರೆದಿರುವುದಿಲ್ಲ.

ಪರದೆಯ ಮೇಲೆ ಇಸ್ಪೀಟೆಲೆ ಹಂಚುವ ವಿಡಿಯೋ ಪೋಕರ್ ಯಂತ್ರದಲ್ಲಿ ಮಾತ್ರ, ಯಾವ ಎಲೆಗಳಿಗೆ ಎಷ್ಟು ಕೊಡುತ್ತದೆ ಅಂತ ಬರೆದಿರುತ್ತದೆ. ಅದೇ ಅದರ ಮಜಾ. ಅಲ್ಲಿ 10 ಡಾಲರ್‌ಗೆ ಒಂದು ಪಾಯಿಂಟ್, ಅಂದರೆ ಪ್ರೈಮ್‌ಗೆ 25,000 ಡಾಲರ್ ತಿರುಗಿಸಬೇಕು. ದುಬಾರಿ ಅನ್ನಿಸುತ್ತದೆ, ಅಲ್ವಾ? ಆದರೆ 'ಜಾಕ್ಸ್ ಆರ್ ಬೆಟರ್' ಅನ್ನುವ ಆಟದ ಪರದೆಯ ಮೇಲಿನ ಪಟ್ಟಿಯಲ್ಲಿ ಎರಡೇ ಸಾಲು ನೋಡಿ: ಫುಲ್ ಹೌಸ್ (ಒಂದೇ ಅಂಕಿಯ ಮೂರು ಎಲೆ, ಇನ್ನೊಂದರ ಎರಡು), ಫ್ಲಶ್ (ಐದೂ ಒಂದೇ ಜಾತಿ). ಹಾಕಿದ ಒಂದು ನಾಣ್ಯಕ್ಕೆ ಇವು ಕೊಡುವುದು 9 ಮತ್ತು 6 ಇದ್ದರೆ, ತಪ್ಪಿಲ್ಲದೆ ಆಡಿದವನಿಗೆ ನೂರಕ್ಕೆ 99.5 ವಾಪಸ್. 8 ಮತ್ತು 5 ಇದ್ದರೆ 97.3. 6 ಮತ್ತು 5 ಇದ್ದರೆ 95. ನಾನು ಕಂಡದ್ದು ಕೊನೆಯ ಎರಡೇ. ಒಂದೇ ಸಾಲಿನಲ್ಲಿ, ಎರಡು ಕುರ್ಚಿಯ ಅಂತರದಲ್ಲಿ! 25,000ಕ್ಕೆ ಒಂದರಲ್ಲಿ ಸುಮಾರು 675 ಡಾಲರ್ ಹೋಗುತ್ತದೆ, ಇನ್ನೊಂದರಲ್ಲಿ 1,250. ಕುರ್ಚಿ ಬದಲಿಸಿದ್ದಕ್ಕೆ ಇಷ್ಟು ಉಳಿತಾಯ ಬೇರೆಲ್ಲೂ ಇಲ್ಲ. ತೊಂದರೆ ಏನೆಂದರೆ ಹೊತ್ತು. ಹಡಗು ಬಂದರಿನಲ್ಲಿ ನಿಂತಾಗ ಕ್ಯಾಸಿನೋ ಸಾಮಾನ್ಯವಾಗಿ ಮುಚ್ಚಿರುತ್ತದೆ. ಸಮುದ್ರದ ಮೇಲಿರುವ ದಿನಗಳೇ ಗತಿ, ಅದೂ ಸಿಗರೇಟು ಹೊಗೆಯಲ್ಲಿ.

ಇನ್ನು ಆ 'ಬಿಟ್ಟಿ' ಕ್ಯಾಬಿನ್. ಬಂದರಿನ ಶುಲ್ಕ ಮತ್ತು ತೆರಿಗೆ ನಮ್ಮದೇ. ಸಿಬ್ಬಂದಿಯ ಟಿಪ್ಸ್ ತಲೆಗೆ ದಿನಕ್ಕೆ 18.50 ಡಾಲರ್. ಇಬ್ಬರಿಗೆ ಏಳು ರಾತ್ರಿ ಅಂದರೆ 259. ಇದನ್ನೂ ಆ 675ಕ್ಕೆ ಕೂಡಿಸಿ ನೋಡಿ. ಸೆಪ್ಟೆಂಬರ್‌ನಲ್ಲಿ, ಚಂಡಮಾರುತದ ಕಾಲದಲ್ಲಿ, ಫ್ಲೋರಿಡಾದಿಂದ ಹೊರಡುವ ಹಡಗಿನ ಒಳಕ್ಯಾಬಿನ್ ಹೇಗೂ ಅಗ್ಗ.

ಎರಡನೆಯದು ಕಾರ್ನಿವಲ್, ಇನ್ನೊಂದು ಕ್ರೂಸ್ ಕಂಪನಿ. ಇಲ್ಲಿ ಮೆಟ್ಟಿಲು ಹತ್ತುವ ಆಸೆಯನ್ನೇ ಬಿಟ್ಟೆವು. ನಾಲ್ಕು ರಾತ್ರಿ, ದಿನಕ್ಕೆ ಒಂದು ಗಂಟೆ, ಆಟದ ಲೆಕ್ಕ ಇಡುವ ಕಾರ್ಡ್ ಯಂತ್ರಕ್ಕೆ ತೂರಿಸಿಯೇ ಆಟ. ಕಳೆದದ್ದು 180 ಡಾಲರ್. ಕೆಲವು ವಾರಗಳ ನಂತರ ಮೇಲ್ ಬಂತು: ಕಡಿಮೆ ದರದ ಕ್ಯಾಬಿನ್, ಜೊತೆಗೆ ಆಡಲು ಸ್ವಲ್ಪ ಕ್ರೆಡಿಟ್. ಪೂರ್ತಿ ಬಿಟ್ಟಿ ಅಲ್ಲ. ಆದರೂ ಅದೇ ಹಡಗಿನ, ಅದೇ ದಿನದ ಮಾಮೂಲಿ ದರದ ಪಕ್ಕ ಇಟ್ಟಾಗ, ಕಳೆದ 180ಕ್ಕಿಂತ ಜಾಸ್ತಿಯೇ ಉಳಿಯಿತು.

ಮೂರನೆಯದು ನೆಲದ ಮೇಲಿನ ದಾರಿ. ಲಾಸ್ ವೇಗಸ್‌ನ ಎಂಜಿಎಂ ಹೋಟೆಲ್-ಕ್ಯಾಸಿನೋಗಳ ಎಂಜಿಎಂ ರಿವಾರ್ಡ್ಸ್ ಯೋಜನೆಯಲ್ಲಿ ಗೋಲ್ಡ್ ದರ್ಜೆಗೆ 75,000 ಕ್ರೆಡಿಟ್ ಬೇಕು; ಆಟಕ್ಕಷ್ಟೇ ಅಲ್ಲ, ರೂಮು, ಊಟದ ಖರ್ಚಿಗೂ ಈ ಕ್ರೆಡಿಟ್ ಬೀಳುತ್ತದೆ. ನಮಗೆ ಆ ಕಾರ್ಡ್ ಸಿಕ್ಕ ವರ್ಷ, ಅದನ್ನು ತೋರಿಸಿದರೆ ರಾಯಲ್ ಕೆರಿಬಿಯನ್‌ನಲ್ಲಿ ಒಂದು ಕ್ರೂಸ್ ಸಿಗುತ್ತಿತ್ತು. ಹೆಂಡತಿ ಆಫೀಸಿನ ಸಮ್ಮೇಳನಗಳನ್ನು ನಡೆಸುತ್ತಾಳೆ. ರೂಮು, ತಂಡದ ಊಟ ಎಲ್ಲ ಅವಳ ಕಾರ್ಡಿಗೇ ಬೀಳುತ್ತಿತ್ತು. ಒಂದು ಬಟನ್ ಕೂಡ ಒತ್ತದೆ ಗೋಲ್ಡ್ ಆದಳು! ಇಂಥ ಯೋಗ ಇದ್ದವರಿಗೆ ಇದೇ ಒಳ್ಳೆಯದು, ಕಣ್ಣು ಮುಚ್ಚಿ ಹೇಳುತ್ತೇನೆ. ಇದಕ್ಕೋಸ್ಕರ ಸ್ವಂತ ದುಡ್ಡು ಸುರಿಯುವುದು ಮೂಗಿಗಿಂತ ಮೂಗುತಿ ಭಾರ.

ಒಂದು ಪೆಟ್ಟೂ ತಿಂದೆವು. ಯಾವ ಕಂಪನಿ ಅಂತ ಬೇಡ. ಮುಂದಿನ ಕ್ರೂಸ್‌ಗೆ ಅಂತ ಹಡಗಿನಲ್ಲೇ ಕೈಗೆ ಕೊಟ್ಟ ಸರ್ಟಿಫಿಕೇಟನ್ನು ಸೂಟ್‌ಕೇಸಿನ ಜಿಪ್ಪಿನೊಳಗೆ ಇಟ್ಟು ಮರೆತೆ. ಸಿಕ್ಕಿದಾಗ ಬುಕ್ ಮಾಡುವ ಗಡುವು ಮುಗಿದು ಒಂಬತ್ತು ದಿನ ಆಗಿತ್ತು. ಫೋನಿನಲ್ಲಿ ನಲವತ್ತು ನಿಮಿಷ ಕಾದೆ, ಪ್ರಯೋಜನ ಇಲ್ಲ. ಈಗ ಸರ್ಟಿಫಿಕೇಟ್ ಸಿಕ್ಕ ಕ್ಷಣವೇ ಹೆಂಡತಿ ಫೋಟೋ ತೆಗೆಯುತ್ತಾಳೆ. ಕಾಗದವನ್ನೂ ನನ್ನ ಕೈಗೆ ಕೊಡುವುದಿಲ್ಲ.

ಈ ವರ್ಷ ಎರಡನೇ ದಾರಿಯನ್ನೇ ಹಿಡಿದಿದ್ದೇವೆ. ಹೊರಡುವ ಮುಂಚೆ ಒಂದು ಲಕೋಟೆಯಲ್ಲಿ 200 ಡಾಲರ್ ನಗದು ಇಡುತ್ತೇವೆ, ಅದು ಖಾಲಿಯಾದರೆ ಮೇಲಿನ ಡೆಕ್‌ಗೆ ಹೋಗಿ ಕೂರುವುದು. ಹೋದ ಸಲ ಮೂರನೇ ರಾತ್ರಿಯೇ ಖಾಲಿಯಾಯಿತು. ನಾಲ್ಕನೇ ರಾತ್ರಿ ಡೆಕ್ ಮೇಲೆ ಗಾಳಿ ಚೆನ್ನಾಗಿತ್ತು.