ಶೆಲ್ಫಿನ ಗೂಡಿನಲ್ಲಿ ಮಲೆನಾಡಿನ ಮನೆ: 1:87, 1:160, 1:220ರಲ್ಲಿ ಯಾವುದು ಒಳ್ಳೇದು?

ಪುಟಾಣಿ ಮಾದರಿ ಮನೆ ಕಟ್ಟುವಾಗ, ಜಾಗ ಚಿಕ್ಕದಾದರೆ ಸ್ಕೇಲೂ (ಕುಗ್ಗಿಸುವ ಅಳತೆಯೂ) ಚಿಕ್ಕದಿರಬೇಕು ಅಂತ ತುಂಬಾ ಜನ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ನನಗೆ ಸಿಕ್ಕಿದ್ದು ಪುಸ್ತಕದ ಶೆಲ್ಫಿನ ಒಂದು ಗೂಡು: 20 ಸೆಂ.ಮೀ. ಅಗಲ, 15 ಆಳ, 25 ಎತ್ತರ. ಅದರಲ್ಲಿ ಹೆಂಚಿನ ಮನೆ, ಅಂಗಳ, ತುಳಸಿಕಟ್ಟೆ, ಹಿಂದೆ ಅಡಿಕೆ ತೋಟ. ಇದನ್ನೇ ಮೂರೂ ಅಳತೆಯಲ್ಲಿ ಕಟ್ಟಿ ನೋಡಿದೆ. ಮೂರೂ ಮಾಡೆಲ್ ರೈಲಿನವರ ಅಳತೆಗಳು: 1:87 (ಅಂದರೆ ನಿಜವಾದ ಅಳತೆಯ 87ರಲ್ಲಿ ಒಂದು ಪಾಲು) ಎಚ್‌ಒ, 1:160 ಎನ್, 1:220 ಝಡ್.

ಝಡ್‌ನಲ್ಲಿ 12 ಮೀಟರ್ ಉದ್ದದ ಮನೆ ಐದೂವರೆ ಸೆಂ.ಮೀ.ಗೆ ಇಳಿಯುತ್ತದೆ. ಮನೆ, ತೋಟ, ರಸ್ತೆ ಎಲ್ಲಾ ಆರಾಮಾಗಿ ಹಿಡಿಸುತ್ತದೆ. ಆದರೆ ಮನುಷ್ಯ 8 ಮಿ.ಮೀ. ಕೂಡ ಇರೋದಿಲ್ಲ, ತುಳಸಿಕಟ್ಟೆ ಅನ್ನೋದು ಒಂದು ಚುಕ್ಕೆ. ಮಂಗಳೂರು ಹೆಂಚು ಸುಮಾರು 40 ಸೆಂ.ಮೀ. ಉದ್ದ ಅಲ್ವಾ, ಅದು ಇಲ್ಲಿ 2 ಮಿ.ಮೀ.ಗಿಂತ ಕಮ್ಮಿ. ಹಾಗಾಗಿ ಮಾಡಿಗೆ, ಅಂದರೆ ಚಾವಣಿಗೆ, ಪೆನ್ಸಿಲ್ಲಿನಲ್ಲಿ ಗೆರೆ ಎಳೆದು ಬಣ್ಣ ಹಚ್ಚೋದು ಬಿಟ್ಟರೆ ಬೇರೆ ದಾರಿ ಇಲ್ಲ. ದೂರದಿಂದ ಚೆಂದ, ಹತ್ತಿರ ಹೋದರೆ ನೋಡೋಕೆ ಏನೂ ಉಳಿಯುವುದಿಲ್ಲ.

ಎನ್ ಸ್ಕೇಲ್ ಮಧ್ಯದ ದಾರಿ. ಮನೆ ಏಳೂವರೆ ಸೆಂ.ಮೀ., ಅಂಗಳಕ್ಕೂ ಜಾಗ ಉಳಿಯುತ್ತದೆ. ತೆಳು ರಟ್ಟಿನ ಪಟ್ಟಿಗಳನ್ನು ಕೆಳಗಿನಿಂದ ಮೇಲಕ್ಕೆ ಒಂದರ ಮೇಲೊಂದು ಅಂಟಿಸಿದರೆ ಹೆಂಚಿನ ಸಾಲು ಕಾಣುತ್ತದೆ. ಇಡೀ ಮನೆ ಬೇಕೇ ಬೇಕು ಅನ್ನುವವರು ಸುಮ್ನೆ ಇದನ್ನೇ ತಗೊಳ್ಳಿ.

ನನ್ನ ಓಟು ಮಾತ್ರ ಎಚ್‌ಒಗೆ. ಇಡೀ ಮನೆ ಕಟ್ಟಿದರೆ 14 ಸೆಂ.ಮೀ. ಆಗಿ ಗೂಡು ಭರ್ತಿ. ಅದಕ್ಕೇ ಇಡೀ ಮನೆ ಬಿಟ್ಟು, ಜಗುಲಿ ಮತ್ತು ಅಂಗಳದ ಒಂದು ಮೂಲೆ ಮಾತ್ರ ಕಟ್ಟಿದೆ. ಮಾಡು ಶೆಲ್ಫಿನ ಗೋಡೆಗೆ ತಾಗಿ ನಿಲ್ಲುತ್ತದೆ, ಮನೆಯ ಉಳಿದ ಭಾಗ ಆಚೆಗಿದೆ ಅಂತ ಕಣ್ಣು ತಾನೇ ಅಂದುಕೊಳ್ಳುತ್ತದೆ. ಇಲ್ಲಿ ಹೆಂಚು ನಾಲ್ಕೂವರೆ ಮಿ.ಮೀ. ಒಂದೊಂದನ್ನೇ ಕತ್ತರಿಸಿ ಕೂರಿಸಬಹುದು, ಒಂದೆರಡನ್ನು ಬೇಕಂತಲೇ ಸ್ವಲ್ಪ ಜಾರಿಸಿ, ಮಳೆ ಬಿದ್ದ ಕಡೆ ಕಪ್ಪು-ಹಸಿರು ಬಣ್ಣವನ್ನು ನೀರಾಗಿ ಹಚ್ಚಿದರೆ ಹಳೇ ಮನೆ ಅಂತ ಯಾರೂ ಹೇಳಬೇಕಾಗಿಲ್ಲ. ಜಗುಲಿ ಮೇಲೆ ಕೂತವರ ಪಂಚೆಯ ಅಂಚಿಗೂ ಬಣ್ಣ ಕೊಡಬಹುದು. ಅಂಗಳಕ್ಕೆ ತೆಳು ಬಟ್ಟೆಯಲ್ಲಿ ಸೋಸಿದ ಕೆಂಪು ಮಣ್ಣು, ಮೇಲಿಂದ ನೀರು ಬೆರೆಸಿದ ಫೆವಿಕಾಲ್. ಅದಕ್ಕೊಂದು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ, ಇಲ್ಲದಿದ್ದರೆ ಮಣ್ಣಿನೊಳಗೆ ಇಳಿಯದೆ ಮೇಲೆಯೇ ಗುಂಡಗೆ ನಿಲ್ಲುತ್ತದೆ.

ಅಡಿಕೆ ಮರಕ್ಕೆ ಪೊರಕೆ ಕಡ್ಡಿಗಿಂತ ಒಳ್ಳೇದು ಯಾವುದೂ ಇಲ್ಲ. ಬುಡದ ಕಡೆ ದಪ್ಪ, ಅದು ಎಚ್‌ಒ ಮರ. ತುದಿ ಸಣ್ಣ, ಅದು ಎನ್. ನಾನು ಎರಡನ್ನೂ ಬಳಸಿದ್ದೇನೆ: ಜಗುಲಿ ಪಕ್ಕಕ್ಕೆ 17 ಸೆಂ.ಮೀ. ಮರ, ಹಿಂದಿನ ಸಾಲಿಗೆ 9 ಸೆಂ.ಮೀ. ಮರ. ಬರೀ 15 ಸೆಂ.ಮೀ. ಆಳದಲ್ಲಿ ತೋಟ ದೂರಕ್ಕೆ ಹೋದ ಹಾಗೆ ಕಾಣುತ್ತದೆ.