ಪೈಲ್ಸ್ ಎಂದು ನಂಬಿ ಕಳೆದ ಹನ್ನೊಂದು ತಿಂಗಳು

ಮಲದೊಂದಿಗೆ ರಕ್ತ ಹೋಗುತ್ತಿದ್ದುದನ್ನು ನಮ್ಮವ್ವ ಮೂರು ತಿಂಗಳು ಯಾರಿಗೂ ಹೇಳಿರಲಿಲ್ಲ. ಕೂರಲಾಗದಷ್ಟು ನೋವಾದಾಗ, ಆಪರೇಷನ್ ಇಲ್ಲದೆ ಮೂಲವ್ಯಾಧಿ ವಾಸಿ ಮಾಡುವುದಾಗಿ ಬೋರ್ಡು ಹಾಕಿಕೊಂಡಿದ್ದ ಗದಗಿನ ಒಂದು ಕ್ಲಿನಿಕ್ಕಿಗೆ ನಾನೇ ಕರೆದುಕೊಂಡು ಹೋದೆ. ಅಲ್ಲಿ ಬೆರಳಿನ ಪರೀಕ್ಷೆಯನ್ನಾಗಲಿ, ಚಿಕ್ಕ ಕೊಳವೆ ಹಾಕಿ ಗುದದ್ವಾರದ ಒಳಗೆ ನೋಡುವ ಪ್ರಾಕ್ಟೋಸ್ಕೋಪಿಯನ್ನಾಗಲಿ ಮಾಡದೆ, ಲಕ್ಷಣ ಕೇಳಿಯೇ ಪೈಲ್ಸ್ ಎಂದು ಹೇಳಿ ಇಂಜೆಕ್ಷನ್ ಕೊಟ್ಟರು. ಪರೀಕ್ಷೆ ತಪ್ಪಿತೆಂದು ಅವ್ವನಿಗೆ ಸಮಾಧಾನವೇ ಆಗಿತ್ತು. ಆ ಸಮಾಧಾನವನ್ನು ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ.

ಕೆಲವೇ ವಾರಗಳಲ್ಲಿ ಚಳಿಜ್ವರ ಬಂದು ಗುದದ್ವಾರದ ಪಕ್ಕದಲ್ಲಿ ಕೀವುಗಡ್ಡೆಯಾಯಿತು. ಹುಬ್ಬಳ್ಳಿಯ ಒಂದು ನರ್ಸಿಂಗ್ ಹೋಮಿನಲ್ಲಿ ಅದನ್ನು ಕೊಯ್ದು ಕೀವು ತೆಗೆದರು. ಒಂದೂವರೆ ತಿಂಗಳಿಗೆ ಅದೇ ಜಾಗದಲ್ಲಿ ಮತ್ತೆ ಬಾತುಕೊಂಡಾಗ ಭಗಂದರ (ಗುದದ ಒಳಗಿನಿಂದ ಚರ್ಮಕ್ಕೆ ಕೀವು ಸೋರುವ ದಾರಿ, ಫಿಸ್ಟುಲಾ) ಎಂದು ಹೇಳಿ ಮತ್ತೆ ಕೊಯ್ದರು. ಕೀವು ಎಲ್ಲಿಂದ ಬರುತ್ತಿದೆ ಎಂದು ಅವರು ಹುಡುಕಲಿಲ್ಲ, ನಾವೂ ಕೇಳಲಿಲ್ಲ.

ಮೂರನೆಯ ಸಲ ಬೇರೆ ಶಸ್ತ್ರಚಿಕಿತ್ಸಕರು ಮೊದಲು ಎಂಆರ್‌ಐ ಮಾಡಿಸಿದರು. ಗುದನಾಳದ ಬಲಗೋಡೆಯಿಂದ ಸುಮಾರು 3 ಸೆಂಟಿಮೀಟರಿನ ಚೀಲವೊಂದು ಹೊರಚಾಚಿತ್ತು; ಅದರೊಳಗೆ ಗಟ್ಟಿ ಮಲ ಸಿಕ್ಕಿ, ಸೋಂಕಾಗಿ, ಕೀವು ಕೆಳಗಿಳಿಯುತ್ತಿತ್ತು. ಇದು ಗುದನಾಳದ ಡೈವರ್ಟಿಕ್ಯುಲಮ್. ದೊಡ್ಡ ಕರುಳಿನ ಉದ್ದಸ್ನಾಯು ಮೂರು ಪಟ್ಟಿಗಳಾಗಿರುವುದರಿಂದ ಅವುಗಳ ನಡುವಿನ ದುರ್ಬಲ ಜಾಗದಲ್ಲಿ ಇಂಥ ಚೀಲಗಳಾಗುವುದು ಸಾಮಾನ್ಯ, ಆದರೆ ಗುದನಾಳದಲ್ಲಿ ಆ ಪಟ್ಟಿಗಳು ಹರಡಿ ಸುತ್ತಲೂ ಒಂದೇ ಹೊದಿಕೆಯಾಗುವುದರಿಂದ ಇಲ್ಲಿ ತೀರಾ ಅಪರೂಪವೆಂದು ಅವರು ಚಿತ್ರ ಬರೆದು ತೋರಿಸಿದರು. ಅವ್ವನಿಗಿದ್ದ ಬಹಳ ವರ್ಷಗಳ ಮಲಬದ್ಧತೆ ಒಂದು ಕಾರಣವಿರಬಹುದೆಂದರು.

ಕ್ಯಾಮೆರಾ ಇರುವ ಕೊಳವೆಯಿಂದ ದೊಡ್ಡ ಕರುಳನ್ನು ಒಳಗಿನಿಂದ ನೋಡುವ ಕೊಲೊನೋಸ್ಕೋಪಿಯನ್ನು ಅವರು ಕೂಡಲೇ ಮಾಡಲಿಲ್ಲ, ಏಕೆಂದರೆ ಸೋಂಕು ಹೆಚ್ಚಿರುವಾಗ ಒಳಗೆ ತುಂಬುವ ಗಾಳಿಯ ಒತ್ತಡಕ್ಕೆ ಗೋಡೆ ತೂತಾಗಬಹುದು. ಹೊಟ್ಟೆಯ ಮೇಲೆ ತಾತ್ಕಾಲಿಕ ಮಲದ್ವಾರ ಮಾಡಿ, ಕೀವು ತೆಗೆದು, ಆರು ವಾರಗಳ ನಂತರ ಸ್ಕೋಪಿ ಮಾಡಿದರು. ಬಾತ ಚೀಲ ಸ್ಕ್ಯಾನಿನಲ್ಲಿ ಕ್ಯಾನ್ಸರಿನಂತೆಯೂ ಕಾಣುವುದರಿಂದ ಚೂರು ಮಾಂಸ ತೆಗೆದು ಬಯಾಪ್ಸಿ ಪರೀಕ್ಷೆಗೂ ಕಳಿಸಿದರು. ವರದಿ ಬರುವವರೆಗಿನ ದಿನಗಳನ್ನು ವಿವರಿಸಲಾರೆ. ಕ್ಯಾನ್ಸರ್ ಇರಲಿಲ್ಲ. ಬಳಿಕ ಗುದದ್ವಾರದ ಮೂಲಕವೇ ಚೀಲವನ್ನು ಕತ್ತರಿಸಿ ಗೋಡೆಗೆ ಹೊಲಿಗೆ ಹಾಕಿದರು, ಗಾಯ ಪೂರ್ತಿ ಮಾಯ್ದ ಮೇಲೆ ಹೊಟ್ಟೆಯ ಮೇಲಿನ ದ್ವಾರವನ್ನು ಮುಚ್ಚಿದರು. ಅಲ್ಲಿಯವರೆಗೆ ಅವ್ವ ಆ ದ್ವಾರಕ್ಕೆ ಅಂಟಿಸಿದ್ದ ಮಲದ ಚೀಲವನ್ನು ಸೆರಗಿನಲ್ಲಿ ಮರೆಮಾಡಿಕೊಂಡು ಮನೆಯೊಳಗೇ ಉಳಿದಳು.

ಪರೀಕ್ಷಿಸದೆ ಪೈಲ್ಸ್ ಎನ್ನುವವರಿಂದ ಇಂಜೆಕ್ಷನ್ ತೆಗೆದುಕೊಳ್ಳಬೇಡಿ. ಒಮ್ಮೆ ಕೊಯ್ದ ಜಾಗದಲ್ಲಿ ಮತ್ತೆ ಕೀವಾದರೆ, ಕೀವಿನ ಮೂಲ ಎಲ್ಲಿದೆ, ಎಂಆರ್‌ಐ ಬೇಕೇ ಎಂದು ಕೇಳಿಯೇ ಮುಂದುವರಿಯಿರಿ; ಆದರೆ ಜ್ವರ ಜೋರಾಗಿದ್ದರೆ ಕೀವು ತೆಗೆಸಲು ತಡಮಾಡಬೇಡಿ. ಹಾಗೆಯೇ, ಬೇರೆ ಕಾರಣಕ್ಕೆ ಮಾಡಿಸಿದ ಸ್ಕ್ಯಾನಿನಲ್ಲಿ ಇಂಥ ಚೀಲ ಕಂಡು, ಅದರಿಂದ ತೊಂದರೆಯೇ ಇಲ್ಲದಿದ್ದರೆ, ಹೆದರಿ ಆಪರೇಷನ್ನಿಗೆ ಒಪ್ಪಬೇಡಿ, ಅಂಥವರಲ್ಲಿ ಹೆಚ್ಚಿನವರಿಗೆ ಅದು ಬೇಕಾಗುವುದಿಲ್ಲ. ಸಂಕೋಚಪಡುವ ಹೆಂಗಸರಿದ್ದರೆ ಮಹಿಳಾ ವೈದ್ಯರು ನೋಡಲಿ ಎಂದು ಚೀಟಿ ಮಾಡಿಸುವಾಗಲೇ ಹೇಳಿ. ಹಾಗೆ ಕೇಳಬಹುದೆಂಬುದೇ ನಮಗೆ ತಿಳಿದಿರಲಿಲ್ಲ.