4 ಜಿಬಿ ಲ್ಯಾಪ್‌ಟಾಪಿಗೆ ಯಾವ ಎಡಿಟರ್? ನನ್ನ ವೋಟು ಕೇಟ್‌ಗೆ

ಮುಕ್ತ ತಂತ್ರಾಂಶ ಮಾಡುವ ಕೆಡಿಇ ಬಳಗದ ಕೇಟ್ ಎಡಿಟರ್ (ಕೋಡ್, ಟಿಪ್ಪಣಿ ಬರೆಯುವ ತಂತ್ರಾಂಶ) ಹೆಸರು ಹೇಳಿದರೆ ನಮ್ಮ ಆಫೀಸಿನಲ್ಲಿ ಅರ್ಧ ಜನ ‘ಅದ್ಯಾವುದು?’ ಅನ್ನುತ್ತಾರೆ. ಉಳಿದವರು ‘ವಿಎಸ್ ಕೋಡ್ ಇರುವಾಗ ಸುಮ್ನೆ ಯಾಕೆ ತಲೆನೋವು?’ ಅನ್ನುತ್ತಾರೆ. ಇರಲಿ. ನಾನು ಒಂದಷ್ಟು ಎಡಿಟರ್‌ಗಳನ್ನು ಹಾಕಿ ತೆಗೆದು ಕೊನೆಗೆ ಇದರಲ್ಲೇ ನಿಂತಿದ್ದೇನೆ.

ಇದಕ್ಕೆಲ್ಲಾ ಕಾರಣ ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಕೊಂಡ ಒಂದು ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್. ಕೀಬೋರ್ಡ್ ಬೆಣ್ಣೆಯ ಹಾಗಿದೆ. ಆದರೆ ರ‍್ಯಾಮ್ 4 ಜಿಬಿ, ಅದೂ ಬೋರ್ಡಿಗೇ ಬೆಸುಗೆ ಹಾಕಿದ್ದು, ಹೆಚ್ಚಿಸುವ ಹಾಗಿಲ್ಲ. ಲಿನಕ್ಸ್ ಹಾಕಿಕೊಂಡೆ. ಪೈಥಾನ್ ಕೋಡ್ ಬರೆಯುವುದೂ ಇದರಲ್ಲೇ, ಹಾಲು-ಪೇಪರ್ ಲೆಕ್ಕ, ಅಪಾರ್ಟ್‌ಮೆಂಟ್ ಮೀಟಿಂಗಿನ ಟಿಪ್ಪಣಿ, ಅಮ್ಮ ಫೋನಿನಲ್ಲಿ ಹೇಳಿದ ಸಾರಿನ ಪುಡಿಯ ಅಳತೆ ಎಲ್ಲಾ ಇದರಲ್ಲೇ. ಕೋಡ್ ಬಿಟ್ಟರೆ ಮಿಕ್ಕಿದ್ದೆಲ್ಲಾ ಕನ್ನಡದಲ್ಲಿ. ತಕರಾರು ಶುರುವಾಗುವುದು ಇಲ್ಲೇ.

ಮೈಕ್ರೋಸಾಫ್ಟಿನ ವಿಎಸ್ ಕೋಡ್ ಎಡಿಟರ್ ಕೆಟ್ಟದ್ದಲ್ಲ. ಆಫೀಸಿನ ಮಶೀನಿನಲ್ಲಿ ನಾನೂ ಅದನ್ನೇ ಬಳಸುತ್ತೇನೆ, ಡೀಬಗ್ ಮಾಡುವುದಕ್ಕೆ (ಕೋಡಿನ ತಪ್ಪು ಹುಡುಕುವುದಕ್ಕೆ) ನನಗೆ ಅದೇ ಸಲೀಸು. ಆದರೆ ಅದನ್ನು ಕಟ್ಟಿರುವುದು ಎಲೆಕ್ಟ್ರಾನ್ ಅನ್ನುವ ಚೌಕಟ್ಟಿನ ಮೇಲೆ. ಅಂದರೆ ಒಳಗೆ ಒಂದು ಕ್ರೋಮಿಯಂ ಬ್ರೌಸರ್ರೇ ಓಡುತ್ತಿರುತ್ತದೆ. 4 ಜಿಬಿಯಲ್ಲಿ ಪಕ್ಕಕ್ಕೆ ಫೈರ್‌ಫಾಕ್ಸನ್ನೂ ತೆರೆದರೆ ಮುಗಿಯಿತು, ಸ್ವಾಪ್ (ರ‍್ಯಾಮ್ ಸಾಲದೆ ಡಿಸ್ಕನ್ನು ಬಳಸುವುದು) ಶುರುವಾಗಿ ಮೌಸ್ ಕೂಡ ತಡವರಿಸುತ್ತದೆ. ಬಳಕೆಯ ಮಾಹಿತಿ ಕಳಿಸುವುದು ಮೊದಲಿನಿಂದಲೇ ಆನ್ ಇರುತ್ತದೆ, ಬೇಡವಾದರೆ ಸೆಟ್ಟಿಂಗ್ಸಿಗೆ ಹೋಗಿ ಆಫ್ ಮಾಡಬೇಕು, ಇಲ್ಲವೇ ಅದೇ ಕೋಡಿನಿಂದ ಮಾಹಿತಿ ಕಳಿಸುವುದನ್ನು ಆಫ್ ಮಾಡಿ ಕಟ್ಟಿದ ವಿಎಸ್‌ಕೋಡಿಯಂ ಹಾಕಿಕೊಳ್ಳಬೇಕು. ಅಂದಹಾಗೆ ಎಲೆಕ್ಟ್ರಾನ್ ಹುಟ್ಟಿದ್ದೇ ಆಟಮ್ ಅನ್ನುವ ಇನ್ನೊಂದು ಎಡಿಟರ್‌ಗಾಗಿ. ಆ ಆಟಮ್ 2022ರ ಡಿಸೆಂಬರ್ 15ಕ್ಕೆ ಬಾಗಿಲು ಹಾಕಿತು, ಮಗು ಮಾತ್ರ ಎಲ್ಲರ ಮನೆಯಲ್ಲೂ ಬೆಳೆಯುತ್ತಿದೆ.

ಸಬ್‌ಲೈಮ್ ಟೆಕ್ಸ್ಟ್ ಹಗುರ, ಚೆಂದ. ಲೈಸೆನ್ಸಿಗೆ 99 ಡಾಲರ್, ನಮ್ಮ ದುಡ್ಡಲ್ಲಿ 8000 ದಾಟುತ್ತದೆ, ಅದಕ್ಕೆ ಸಿಗುವುದು 3 ವರ್ಷದ ಅಪ್‌ಡೇಟ್. ಟ್ರಯಲ್‌ಗೆ ಗಡುವು ಇಲ್ಲ, ಆಗಾಗ ಸೇವ್ ಮಾಡುವಾಗ ‘ಕೊಂಡುಕೊಳ್ಳಿ’ ಅಂತ ಒಂದು ಡಬ್ಬಿ ಎದ್ದು ನಿಲ್ಲುತ್ತದೆ, ಅಷ್ಟೇ. ಆದರೆ ದಿನಾ ಬಳಸುತ್ತಾ ಆ ಡಬ್ಬಿಯನ್ನು ಮುಚ್ಚುತ್ತಾ ಕೂರುವುದು ನನಗೆ ಮುಜುಗರ. 8000 ಇದ್ದರೆ ಈ ಲ್ಯಾಪ್‌ಟಾಪಿಗೆ ಒಳ್ಳೇ ಬ್ಯಾಟರಿ ಹಾಕಿಸುತ್ತೇನೆ.

ನೋಟ್‌ಪ್ಯಾಡ್ ಪ್ಲಸ್ ಪ್ಲಸ್ ವಿಂಡೋಸಿಗೆ ಮಾತ್ರ.

ಈಗ ವಿಮ್, ಟರ್ಮಿನಲ್ ಅನ್ನುವ ಕಮಾಂಡ್ ಕಿಟಕಿಯಲ್ಲಿ ಓಡುವ ಎಡಿಟರ್. ನನಗೆ ತುಂಬಾ ಇಷ್ಟ, 1991ರಿಂದ ಇದೆ, ರ‍್ಯಾಮ್ ತಿನ್ನುವುದೇ ಇಲ್ಲ ಅನ್ನಬಹುದು, ಯಾವ ಸರ್ವರ್‌ಗೆ ಹೋದರೂ ವಿಮ್ ಇಲ್ಲವೇ ಅದರ ಅಣ್ಣ ವಿಐ ಸಿಗುತ್ತದೆ. ಕೋಡ್ ಮಾತ್ರ ಬರೆಯುವುದಾಗಿದ್ದರೆ ಈ ಬರಹವೇ ಇರುತ್ತಿರಲಿಲ್ಲ. ಕನ್ನಡ ಬರೆಯಲು ಕೂತಾಗ ಮಾತ್ರ ತಾಳ್ಮೆ ಹಾರಿಹೋಗುತ್ತದೆ.

ಟರ್ಮಿನಲ್ ಅಂದರೆ ಚೌಕುಳಿ ಕಾಗದ, ಒಂದೊಂದು ಮನೆಗೆ ಒಂದೊಂದು ಅಕ್ಷರ. ಇಂಗ್ಲಿಷಿಗೆ ಸರಿ. ‘ಸ್ವಾತಂತ್ರ್ಯ’ ಬರೆಯಿರಿ ನೋಡೋಣ. ನಮ್ಮ ಕಣ್ಣಿಗೆ ಮೂರು ಅಕ್ಷರ, ಯೂನಿಕೋಡಿನಲ್ಲಿ 11 ಸಂಕೇತ, ಯುಟಿಎಫ್-8 ಫೈಲಿನಲ್ಲಿ 33 ಬೈಟ್. ಕೊನೆಯ ‘ತ್ರ್ಯ’ಕ್ಕೆ ತ, ರ, ಯ ಅಂತ ಮೂರು ಮನೆ ಮೀಸಲಾಗುತ್ತದೆ, ಆದರೆ ಒತ್ತುಗಳು ಕೆಳಗೆ ಹೋಗಿ ಕೂರಬೇಕು. ಹಾಗಾಗಿ ಒಂದೋ ಒತ್ತು ಒಡೆದು ಎಲ್ಲೋ ಬೀಳುತ್ತದೆ, ಇಲ್ಲವೇ ಪದದ ಮಧ್ಯೆ ಹಲ್ಲು ಬಿದ್ದ ಹಾಗೆ ಜಾಗ ಉಳಿಯುತ್ತದೆ. ಕೆಲವು ಚಿಹ್ನೆಗಳ ಅಗಲದ ಬಗ್ಗೆ ವಿಮ್ ಲೆಕ್ಕವೇ ಬೇರೆ, ಟರ್ಮಿನಲ್ ಲೆಕ್ಕವೇ ಬೇರೆ ಆದಾಗಂತೂ ಕರ್ಸರ್ ಒಂದು ಕಡೆ ಮಿನುಗುತ್ತದೆ, ಅಳಿಸಿದರೆ ಇನ್ನೊಂದು ಕಡೆ ಅಳಿಯುತ್ತದೆ. ತನ್ನದೇ ಕಿಟಕಿಯಲ್ಲಿ ತೆರೆಯುವ ಜಿವಿಮ್ ಹಾಕಿದರೂ ಒಳಗೆ ಅದೇ ಚೌಕುಳಿ.

ಇಷ್ಟನ್ನು ಸಹಿಸಿಕೊಳ್ಳಬಹುದಿತ್ತು. ಜಾಸ್ತಿ ಕಾಡಿದ್ದು ಟೈಪಿಂಗ್. ನಾನು ಐಬಸ್‌ನಲ್ಲಿ ಕೆಜಿಪಿ ಅನ್ನುವ ಕನ್ನಡ ಕೀಲಿಮಣೆ ಬಳಸುತ್ತೇನೆ, ಐಬಸ್ ಅಂದರೆ ಲಿನಕ್ಸಿನಲ್ಲಿ ಬೇರೆ ಬೇರೆ ಭಾಷೆ ಟೈಪ್ ಮಾಡಿಸುವ ವ್ಯವಸ್ಥೆ. ವಿಮ್‌ನಲ್ಲಿ ಬರೆಯುವುದು ಇನ್ಸರ್ಟ್ ಮೋಡಿನಲ್ಲಿ, ಎಸ್ಕೇಪ್ ಒತ್ತಿದರೆ ಕೀಲಿಗಳೇ ಕಮಾಂಡ್‌ಗಳು. ಒಂದು ಸಾಲು ಬರೆದು ಎಸ್ಕೇಪ್ ಒತ್ತುತ್ತೇನೆ, ಸಾಲು ಅಳಿಸೋಣ ಅಂತ ‘ಡಿ’ ಕೀಲಿಯನ್ನು ಎರಡು ಸಲ ಒತ್ತುತ್ತೇನೆ, ವಿಮ್‌ಗೆ ತಲುಪುವುದು ‘ದದ’. ಪಾಪ ಅದಕ್ಕೇನು ಗೊತ್ತು? ಕೀಲಿಮಣೆಯನ್ನು ಇಂಗ್ಲಿಷಿಗೆ ಬದಲಿಸಬೇಕು, ಅಳಿಸಬೇಕು, ಮತ್ತೆ ಇನ್ಸರ್ಟ್‌ಗೆ ಹೋಗಬೇಕು, ಮತ್ತೆ ಕನ್ನಡಕ್ಕೆ ಬದಲಿಸಬೇಕು, ಅಷ್ಟರಲ್ಲಿ ಅಮ್ಮ ಧನಿಯಾ ಮುಗಿಸಿ ಮೆಂತ್ಯಕ್ಕೆ ಹೋಗಿರುತ್ತಾರೆ. ವಿಮ್‌ನಲ್ಲೇ ಕೀಮ್ಯಾಪ್ ಅನ್ನುವ ಸೌಲಭ್ಯ ಇದೆ, ಅದು ಇನ್ಸರ್ಟ್ ಮೋಡಿನಲ್ಲಿ ಮಾತ್ರ ಕನ್ನಡ ಕೊಟ್ಟು ಕಮಾಂಡ್‌ಗಳನ್ನು ಇಂಗ್ಲಿಷಿನಲ್ಲೇ ಬಿಡುತ್ತದೆ, ನಿಜ. ಆದರೆ ಅದು ವಿಮ್ ಒಳಗೆ ಮಾತ್ರ, ಬ್ರೌಸರಿಗೆ ಹೋದರೆ ಮತ್ತೆ ಐಬಸ್. ಎರಡು ವ್ಯವಸ್ಥೆ ಇಟ್ಟುಕೊಂಡು ಒದ್ದಾಡುವ ಉಮೇದು ನನಗಿಲ್ಲ.

ಈಮ್ಯಾಕ್ಸ್ ಅನ್ನುವ ಎಡಿಟರ್ ಈ ವಿಷಯದಲ್ಲಿ ಜಾಣ. 27ನೇ ಆವೃತ್ತಿಯಿಂದ ಅಕ್ಷರಕ್ಕೆ ಒತ್ತು ಜೋಡಿಸುವ ಹಾರ್ಫ್‌ಬಜ್ ಬಂದು ಕಿಟಕಿಯಲ್ಲಿ ಒತ್ತಕ್ಷರ ಸರಿಯಾಗಿ ಮೂಡುತ್ತದೆ, ಕನ್ನಡ ಟೈಪಿಂಗ್ ಕೂಡ ಒಳಗೇ ಇದೆ. ಆದರೆ ಬಹುತೇಕ ಕಮಾಂಡಿಗೂ ಕಂಟ್ರೋಲ್ ಕೀಲಿ ಒತ್ತಬೇಕು, ನನ್ನ ಕಿರುಬೆರಳಿಗೆ ಅದು ಆಗಿಬರಲಿಲ್ಲ.

ಕೇಟ್‌ನಲ್ಲಿ ಇದ್ಯಾವ ರಗಳೆಯೂ ಇಲ್ಲ. ಒತ್ತಕ್ಷರ ಜೋಡಿಸಬಲ್ಲ ಕ್ಯೂಟಿ ಅನ್ನುವ ಚೌಕಟ್ಟಿನ ಮೇಲೆ ನಿಂತಿರುವುದರಿಂದ ಕನ್ನಡ ಕನ್ನಡದ ಹಾಗೇ ಕಾಣುತ್ತದೆ. ಕೆಳಗೆ ಟರ್ಮಿನಲ್ ತೆರೆಯಬಹುದು, ಗಿಟ್ (ಕೋಡಿನ ಬದಲಾವಣೆಗಳ ದಾಖಲೆ ಇಡುವ ಸಾಧನ) ಫೋಲ್ಡರನ್ನು ತಾನೇ ಪ್ರಾಜೆಕ್ಟ್ ಮಾಡಿಕೊಳ್ಳುತ್ತದೆ, ಲ್ಯಾಂಗ್ವೇಜ್ ಸರ್ವರ್ (ಕೋಡ್ ಓದಿ ಸಲಹೆ ಕೊಡುವ ಸಹಾಯಕ ತಂತ್ರಾಂಶ) ಬೇರೆ ಹಾಕಿಕೊಂಡರೆ ಪೈಥಾನಿಗೆ ಸಲಹೆಯೂ ಬರುತ್ತದೆ. ವಿಮ್ ಕೈಗೆ ಅಂಟಿದವರಿಗೆ ವಿಐ ಮೋಡ್ ಕೂಡ ಇದೆ, ಕೋಡ್ ಬರೆಯುವಾಗ ಮಾತ್ರ ಅದನ್ನು ಆನ್ ಮಾಡುತ್ತೇನೆ. ಕರೆಂಟ್ ಹೋಗಿ ಈ ಸತ್ತ ಬ್ಯಾಟರಿ ಕೈಕೊಟ್ಟಾಗ ಕೇಟ್ ತಾನೇ ಇಟ್ಟುಕೊಳ್ಳುವ ಸ್ವಾಪ್ ಫೈಲಿನಿಂದ ಬರೆದದ್ದು ವಾಪಸ್ ಬಂದಿದೆ.

ಕೊರತೆ ಇಲ್ಲ ಅಂತಲ್ಲ. ಒಂದೇ ಸಾಲಿನ ದೊಡ್ಡ ಜೇಸನ್ (ಮಾಹಿತಿಯನ್ನು ಪಠ್ಯವಾಗಿ ಇಡುವ ರೂಪ) ಫೈಲ್ ತೆರೆದರೆ ‘ಸಾಲು 10,000 ಅಕ್ಷರ ದಾಟಿದೆ’ ಅಂತ ಅದನ್ನು ಮುರಿದು, ಫೈಲನ್ನು ಓದಲು ಮಾತ್ರ ಬಿಡುತ್ತದೆ. ಮಿತಿಯನ್ನು ಸೆಟ್ಟಿಂಗ್ಸಿನಲ್ಲಿ ಏರಿಸಬೇಕು. ಎಕ್ಸ್‌ಟೆನ್ಷನ್‌ಗಳ ಸಂತೆ ಇಲ್ಲ. ಕನ್ನಡ ಪದಗಳನ್ನು ಸ್ಪೇಸ್ ಕೊಟ್ಟು ಕಾಲಂ ಮಾಡಲು ಹೋದರೆ ಸಾಲು ಸೊಟ್ಟಗಾಗುತ್ತದೆ, ಲೆಕ್ಕಕ್ಕೆ ನಾನು ಅಲ್ಪವಿರಾಮ ಹಾಕುತ್ತೇನೆ. ಯೂನಿಕೋಡ್ ಅಲ್ಲದ ಹಳೇ ನುಡಿ ಫಾಂಟಿನ ಫೈಲುಗಳು ಇದರಲ್ಲೂ ಚಿತ್ರಲಿಪಿಯೇ, ಎನ್‌ಕೋಡಿಂಗ್ ಬದಲಿಸಿದರೆ ಸರಿಹೋಗುವುದಿಲ್ಲ, ಮೊದಲು ಯೂನಿಕೋಡಿಗೆ ಪರಿವರ್ತಿಸಲೇಬೇಕು.

ನಿಮ್ಮ ಹತ್ತಿರ 16 ಜಿಬಿ ಇದ್ದು ಇಡೀ ದಿನ ಕೋಡೇ ಆದರೆ ವಿಎಸ್ ಕೋಡ್ ಇಟ್ಟುಕೊಳ್ಳಿ, ನಾನು ವಾದಕ್ಕೆ ಬರುವುದಿಲ್ಲ. ನನ್ನ ಹಾಗೆ ಹಳೇ ಮಶೀನು, ಖಾಲಿ ಜೇಬು, ದಿನಕ್ಕೆ ನಾಲ್ಕು ಸಾಲಾದರೂ ಕನ್ನಡ ಅನ್ನುವವರಿಗೆ ಕೇಟ್. ವಿಂಡೋಸಿನವರಿಗೂ ಮೈಕ್ರೋಸಾಫ್ಟ್ ಸ್ಟೋರಿನಲ್ಲಿ ಸಿಗುತ್ತದೆ.